ಹೂಂರಾಯನ ಮೇಲ್ಮನವಿ

ಬಾಯ್ಲರ್ ಕಾರ್ಖಾನೆಯಲ್ಲಿ ಹರೆಯದಿಂದಲೂ ತಗಡು ಬಡಿದವನ ಕಿವಿ ಉಳಿಯುವುದಾದರೂ ಹೇಗೆ? ಆದರೆ ಕಿವಿ ಕೇಳಿಸಲ್ಲ ಅಂತ ಒಪ್ಪಿಕೊಳ್ಳುವುದೆಂದರೆ ಅವನಿಗೆ ತಲೆ ಕತ್ತರಿಸಿದಷ್ಟು ಅವಮಾನ. ಯಾರು ಏನು ಹೇಳಿದರೂ ಮುಖ ನೋಡಿ, ಸಣ್ಣಗೆ ನಕ್ಕು, "ಹೂಂ" ಅನ್ನುತ್ತಿದ್ದ. ಜೊತೆಯವರು ಹೂಂರಾಯ ಅಂತಲೇ ಕರೆಯುತ್ತಿದ್ದರು. ಅದೂ ಅವನಿಗೆ ಕೇಳಿಸುತ್ತಿರಲಿಲ್ಲ ಬಿಡಿ.

ಕಾರ್ಖಾನೆಯ ಉಗ್ರಾಣದಿಂದ ತಾಮ್ರದ ಕೊಳವೆಗಳು ಕಳುವಾದಾಗ ಪೊಲೀಸರು ಅವನನ್ನು ಹಿಡಿದೊಯ್ದರು. ಅಂದು ಕೊನೆಗೆ ಗೇಟು ದಾಟಿದವನು ಅವನೇ, ಅಷ್ಟೇ ಸಾಕ್ಷಿ. ನ್ಯಾಯಾಲಯದಲ್ಲಿ, "ವಕೀಲರಿಲ್ಲದೆ ನಡೆಸಬಹುದೇ?" ಅಂತ ಕೇಳಿದರು. ಹೂಂ ಅಂದ. "ಕದ್ದದ್ದು ನೀವೇನಾ?" ಅಂದರು. ಅದಕ್ಕೂ ಹೂಂ ಅಂದ. ತಪ್ಪೊಪ್ಪಿಕೊಂಡಿದ್ದಾನೆ ಅಂತ ಬರೆದುಕೊಂಡು ಆರು ವರ್ಷ ಹಾಕಿದರು.

ಜೈಲಿನ ಜಾಲರಿಯ ಆಚೆಯಿಂದ ಅವನು ತಾಯಿಗೂ ಹೆಂಡತಿಗೂ ಹೇಳಿದ್ದು ಇಷ್ಟೇ: "ಏನು ಕೇಳಿದರೋ ತಿಳೀಲಿಲ್ಲ. ದೊಡ್ಡವರು, ಎದುರಾಡಬಾರದಲ್ಲ."

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅತ್ತೆಯನ್ನು ಕರೆದುಕೊಂಡು ಬಡವರ ಪರವಾಗಿ ಫೀಸಿಲ್ಲದೆ ವಾದಿಸುವ ವಕೀಲಮ್ಮನ ಕೋಣೆ ಹುಡುಕಿಕೊಂಡು ಹೋದಳು. ಕಿವಿ ಕೇಳದವನ ಹೂಂ ತಪ್ಪೊಪ್ಪಿಗೆಯಲ್ಲ ಅಂತ ವಕೀಲಮ್ಮ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಳು. ಹಿಡಿದಿಟ್ಟವನನ್ನು ಮುಂದೆ ತಂದು ನಿಲ್ಲಿಸಿ, ಯಾವ ನ್ಯಾಯದಿಂದ ಹಿಡಿದಿದ್ದೀರಿ ಹೇಳಿ ಅನ್ನುವ ಅರ್ಜಿ ಅದು. ಜಿಲ್ಲಾ ನ್ಯಾಯಾಧೀಶರು ಯಾರನ್ನೂ ಕರೆಸಲಿಲ್ಲ. ಕಾಗದ ನೋಡಿಯೇ ವಜಾ ಮಾಡಿದರು.

"ಮೇಲಿನ ಕೋರ್ಟಿಗೆ ಹೋಗೋಣ," ಅಂದಳು ಸೊಸೆ.

"ಹಾಗೆ ಹೋಗೋಕಾಗಲ್ಲ ಅಕ್ಕ," ಅಂದಳು ವಕೀಲಮ್ಮ. "ಕೈದಿಗಳ ಅರ್ಜಿಗೆ ಬೇರೆ ಕಾನೂನು. ಇದರಲ್ಲಿ ಮೇಲಿನವರು ಕೇಳಬೇಕಾದ ಪ್ರಶ್ನೆ ಇದೆ ಅಂತ, ವಜಾ ಮಾಡಿದ ನ್ಯಾಯಾಧೀಶರೇ ಬರೆದುಕೊಡಬೇಕು. ಹುರುಳಿಲ್ಲ ಅಂತ ಬರೆದರೋ, ಬಡವರಿಗಿರೋ ಶುಲ್ಕ ಮಾಫಿಯೂ ಹೋಗುತ್ತೆ."

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದಳು. "ಅಂದರೆ, ಕಪಾಳಕ್ಕೆ ಹೊಡೆದವನ ಹತ್ತಿರವೇ ಹೋಗಿ, ಹೊಡೆದದ್ದು ತಪ್ಪಿರಬಹುದು ಅಂತ ಚೀಟಿ ಬರೆಸಿಕೊಂಡು ಬಾ ಅಂತ! ಚೆನ್ನಾಗಿದೆ ಕಾನೂನು. ಆಗಲಿ, ಬರೆಸೋಣ ನಡಿ."

ಈ ಸಲ ವಕೀಲಮ್ಮ ಹಟ ಹಿಡಿದು ಹೂಂರಾಯನನ್ನು ಖುದ್ದಾಗಿ ಕರೆಸಿದಳು. ಬೇಡಿ ಬಿಚ್ಚಿ ಕಟಕಟೆಯಲ್ಲಿ ನಿಲ್ಲಿಸಿದರು. ಅವನು ತಲೆ ಬಾಚಿಕೊಂಡು ಬಂದಿದ್ದ. ಹೆಂಡತಿಯನ್ನು ಕಂಡು ಕಣ್ಣರಳಿಸಿದ.

ನ್ಯಾಯಾಧೀಶರು ಕೂತಲ್ಲಿಂದಲೇ ಕೇಳಿದರು: "ನಿಮಗೆ ಕಿವಿ ಕೇಳಿಸುತ್ತದೆಯೇ?"

"ಹೂಂ ಸ್ವಾಮಿ."

"ನೋಡಿ, ಕೇಳಿಸುತ್ತದಂತೆ," ಅಂದರು. ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು ಎದ್ದಿತು.

ಅತ್ತೆ ಎದ್ದು ನಿಂತಳು. "ಸ್ವಾಮಿ, ಅದೇ ದನಿಯಲ್ಲಿ ಇನ್ನೊಂದು ಮಾತು ಕೇಳಿ. ಈ ಕೋರ್ಟು ಕಟ್ಟಿಸಿದ್ದು ನೀನೇನಾ ಅಂತ ಕೇಳಿ!"

ಪೇದೆ ಅವಳನ್ನು ಕೂರಿಸಲು ಓಡಿಬಂದ. ವಕೀಲಮ್ಮ ತಟ್ಟನೆ, "ನನ್ನ ವಿನಂತಿಯೂ ಅದೇ. ಪ್ರಶ್ನೆ, ಉತ್ತರ ಎರಡೂ ದಾಖಲಾಗಲಿ," ಅಂದಳು.

ನ್ಯಾಯಾಧೀಶರು ಬೇಸರದಿಂದ ಪೆನ್ನು ಕೆಳಗಿಟ್ಟರು. "ಈ ಕಟ್ಟಡ ಕಟ್ಟಿಸಿದ್ದು ನೀವೇನು?"

ಹೂಂರಾಯ ವಿನಯದಿಂದ ನಕ್ಕು ಅಂದ, "ಹೂಂ ಸ್ವಾಮಿ."

ಈ ಸಲ ಯಾರೂ ನಗಲಿಲ್ಲ. ಗುಮಾಸ್ತ ಪ್ರಶ್ನೆ, ಉತ್ತರ ಎರಡನ್ನೂ ಟೈಪು ಮಾಡಿಕೊಂಡ.

ಆದರೂ ಚೀಟಿ ಸಿಗಲಿಲ್ಲ. ನಟನೆಯೂ ಇರಬಹುದು, ಅರ್ಜಿಯಲ್ಲಿ ಹುರುಳಿಲ್ಲ ಅಂತ ಬರೆದರು. ಹೊರಗೆ ಮೆಟ್ಟಿಲ ಮೇಲೆ ಅತ್ತೆ ಕುಸಿದು ಕೂತಳು. ಸೊಸೆ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. ಆಮೇಲೆ ತಲೆ ಎತ್ತಿ ವಕೀಲಮ್ಮನನ್ನು ಕೇಳಿದಳು:

"ಇನ್ನು ಯಾವ ಬಾಗಿಲಿದೆ?"

"ಒಂದಿದೆ. ಮೇಲಿನ ಕೋರ್ಟಿನ ನ್ಯಾಯಮೂರ್ತಿಗಳಲ್ಲಿ ಯಾರಾದರೂ ಒಬ್ಬರು ಒಪ್ಪಿದರೂ ಸಾಕು. ಸಾಮಾನ್ಯವಾಗಿ ಒಪ್ಪಲ್ಲ."

"ಸಾಮಾನ್ಯವಾಗಿ ತಾನೇ?" ಅಂದಳು ಸೊಸೆ. "ಏಳಿ ಅತ್ತೆ."

ಕೆಲಸ ಮುಗಿಸಿ ಅವಳು ಪ್ರತಿದಿನ ಕಾರ್ಖಾನೆಯ ಗೇಟಿಗೆ ಹೋದಳು. ತಗಡು ಬಡಿಯುವವರೊಂದಿಗೆ ಮಾತಾಡಬೇಕೆಂದರೆ ಕಿರುಚಬೇಕು, ಅಲ್ಲಿ ಎಲ್ಲರ ಕಿವಿಯೂ ಅಷ್ಟಕ್ಕಷ್ಟೆ. ಗಂಟಲು ಹರಿದುಕೊಂಡು, ಗಂಡನಿಗೆ ಕಿವಿ ಕೇಳಿಸುವುದಿಲ್ಲ ಅಂತ ಒಬ್ಬೊಬ್ಬರಿಂದ ಪ್ರಮಾಣಪತ್ರ ಬರೆಸಿದಳು. ಮೇಸ್ತ್ರಿ ಹೆದರಿ ಮುಖ ತಪ್ಪಿಸಿದ. ಮೂರನೆಯ ಸಲ ಅತ್ತೆ ಹೋಗಿ ಅವನ ದಾರಿಗೆ ಅಡ್ಡ ನಿಂತಳು. ಅವನೂ ಸಹಿ ಹಾಕಿದ.

ತಿಂಗಳುಗಳೇ ಕಳೆದವು. ಕೊನೆಗೆ ಮೇಲಿನ ಕೋರ್ಟಿನ ಒಬ್ಬ ನ್ಯಾಯಮೂರ್ತಿ ಕಟ್ಟಡದ ಪ್ರಶ್ನೆ ಓದಿ, ಮೇಲ್ಮನವಿ ಕೇಳಲೇಬೇಕು, ಶುಲ್ಕವೂ ಬೇಡ ಅಂತ ಬರೆದರು. ವಿಚಾರಣೆ ಮುಗಿದಾಗ ಮೂವರು ನ್ಯಾಯಮೂರ್ತಿಗಳು ಶಿಕ್ಷೆ ರದ್ದು ಮಾಡಿ, ಹೊಸದಾಗಿ ವಿಚಾರಣೆ ನಡೆಸಿ ಅಂದರು. ಹೂಂರಾಯ ಜಾಮೀನಿನ ಮೇಲೆ ಮನೆಗೆ ಬಂದ.

ಕಳ್ಳತನದ ಆರೋಪ ಇನ್ನೂ ತಲೆಯ ಮೇಲೇ ಇದೆ. ವಕೀಲಮ್ಮ, "ಈ ಸಲ ಒಂದು ಮಾತು ನೀವೇ ಹೇಳಬೇಕು," ಅಂದಳು. ಆ ಮಾತನ್ನು ಹೆಂಡತಿ ಗಂಡನಿಗೆ ದಿನವೂ ಕಲಿಸಿದಳು. ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ. "ನಾಚಿಕೆ ಆಗುತ್ತೆ ಕಣೇ," ಅನ್ನುತ್ತಿದ್ದ.

"ಆಗಲಿ. ಆದರೂ ಹೇಳಿ," ಅನ್ನುತ್ತಿದ್ದಳು ಅವನ ಕಿವಿಗೆ ಬಾಯಿಟ್ಟು.

ಹೊಸ ನ್ಯಾಯಾಧೀಶರು ಮೊದಲ ಪ್ರಶ್ನೆ ಕೇಳಿದಾಗ ಅವನು ಕಟಕಟೆಯ ಸರಳು ಬಿಗಿಯಾಗಿ ಹಿಡಿದುಕೊಂಡ. ಕೋಣೆಯೆಲ್ಲ ತುಂಬುವಷ್ಟು ಗಟ್ಟಿಯಾಗಿ ಅಂದ:

"ಸ್ವಾಮಿ, ನನಗೆ ಕಿವಿ ಕೇಳಿಸಲ್ಲ. ದಯವಿಟ್ಟು ಹತ್ತಿರ ಬಂದು ಕೇಳಿ."