ಅಂಚಿನ ನಾಲ್ಕು ಹಲ್ಲು

ಭೂತಗನ್ನಡಿಗಳನ್ನು ಹಳೆಯ ಅಂಗಿಯ ತುಂಡಿನಿಂದ ಒರೆಸಿ ಮೇಜಿನ ಮೇಲೆ ಸಾಲಾಗಿಟ್ಟೆ. ಒಟ್ಟು ಐದು. ಅವುಗಳಲ್ಲಿ ಇಣುಕುವ ಮಹನೀಯರು ಇನ್ನೂ ಕಾಫಿಯಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಕೋಬಾನ್ ಊರಿನ ಈ ನಾಣ್ಯ ಸಂಘದಲ್ಲಿ ಮೂರು ವರ್ಷದಿಂದ ಕಸ ಗುಡಿಸುತ್ತಿದ್ದೇನೆ. ನನ್ನ ಮುಖ ಇವರಲ್ಲಿ ಒಬ್ಬರಿಗೂ ನೆನಪಿರಲಾರದು.

ಇವರ ವಿದ್ಯೆ ಇಷ್ಟು. ಹಿಂದೆ ಟಂಕಸಾಲೆಯಲ್ಲಿ ಅಚ್ಚು ಸಿದ್ಧವಾದ ಮೇಲೆ ಇಸವಿಯ ಅಂಕಿಗಳನ್ನು ಕೈಯಿಂದ ಹೊಡೆಯುತ್ತಿದ್ದರಂತೆ. ಕೈ ಎಂದ ಮೇಲೆ ಅತ್ತಿತ್ತ ಆಗುತ್ತದೆ. ಒಂದು ಅಚ್ಚಿನಲ್ಲಿ ‘1’ರ ಪಾದ ನಾಣ್ಯದಂಚಿಗೆ ಸುತ್ತಲೂ ಇರುವ ಹಲ್ಲಿನಂಥ ಗೆರೆಗಳಲ್ಲಿ ಒಂದರ ನೇರಕ್ಕಿರುತ್ತದೆ, ಇನ್ನೊಂದರಲ್ಲಿ ಎರಡು ಹಲ್ಲುಗಳ ಸಂದಿಗೆ. ಅದನ್ನು ನೋಡಿ ಯಾವ ನಾಣ್ಯ ಯಾವ ಅಚ್ಚಿನದೆಂದು ಹೇಳಲು ಐದು ಜನ ದೊಡ್ಡ ಮನುಷ್ಯರಿಗೆ ಇಡೀ ಶನಿವಾರ ಬೇಕು. ನಾನು ಕಾಫಿ ಲೋಟ ಎತ್ತುತ್ತಲೇ ಕಲಿತುಬಿಟ್ಟೆ.

ಹೋದ ತಿಂಗಳು ಅಧ್ಯಕ್ಷ ದೋನ್ ತೆಯೋದುಲೋ ನಮ್ಮಜ್ಜಿಯ ನಾಣ್ಯದ ಸರದಿಂದ 1861ರದೊಂದನ್ನು ಫೋಟೋ ತೆಗೆಯಲೆಂದು ಪಡೆದಿದ್ದರು. “ಒಂದೇ ವಾರ, ಮಗಳೇ,” ಅಂದಿದ್ದರು. ನಾನು ಅವರಿಗೆ ಮಗಳಾಗಿದ್ದು ಆ ಒಂದೇ ದಿನ. ನಾಳೆ ಅಕ್ಕನ ಮದುವೆ, ಸರ ಅವಳ ಕೊರಳಿಗೆ ಹೋಗಬೇಕು. ನಾಣ್ಯವಿದ್ದ ಜಾಗದಲ್ಲಿ ಬರೀ ಕೆಂಪು ದಾರವಿದೆ. ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ.

ದೋನ್ ತೆಯೋದುಲೋ ಎದ್ದು ನಿಂತು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಲೆತ್ತಿದರು. “ಹೊಸ ಅಚ್ಚು, ಸ್ವಾಮಿ! ಕೊನೆಯ ‘1’ರ ಪಾದ ಸರಿಯಾಗಿ ಸಂದೀಲಿದೆ. ಯಾವ ಪಟ್ಟೀಲೂ ಇಲ್ಲ. ನನ್ನ ಹೆಸರಲ್ಲೇ ದಾಖಲಾಗ್ಲಿ ಅಂತ.”

“ನಿಮ್ಮದು ಕಣ್ಣಲ್ಲ ದೋನ್, ಹದ್ದು!” ಅಂದರು ಔಷಧಿ ಅಂಗಡಿಯ ದೋನ್ ಅರ್ನುಲ್ಫೋ. ಎಲ್ಲರೂ ಚಪ್ಪಾಳೆ ತಟ್ಟಿದರು.

ಲೋಟ ಎತ್ತಲು ಹೋದವಳು ಡಬ್ಬಿಯೊಳಗೆ ನೋಡಿದೆ. ಅಜ್ಜಿಯ ನಾಣ್ಯವೇ.

“ತೂತು ಎಲ್ಲಿ?” ಬಾಯಿಂದ ಬಂದೇಬಿಟ್ಟಿತು.

“ಅದಾ? ಅಕ್ಕಸಾಲಿಗನ ಹತ್ರ ಬೆಳ್ಳಿ ತುಂಬಿಸ್ದೆ. ಫೋಟೋದಲ್ಲಿ ಅಸಹ್ಯವಾಗಿ ಕಾಣ್ತಿತ್ತು. ಉಪಕಾರ ಅನ್ಕೋ,” ಅಂದರು ಅಧ್ಯಕ್ಷರು.

ನಾಣ್ಯದ ಮುಂಬದಿಯ ಬೆಟ್ಟಗಳ ಚಿತ್ರ ಕೊರಳಲ್ಲಿ ನೆಟ್ಟಗೆ ನಿಲ್ಲಲೆಂದು ಅಜ್ಜಿ ಅದರ ಮೇಲ್ತುದಿಗೆ ತೂತು ಹಾಕಿಸಿದ್ದಳು. ಹಿಂದಿನ ಮಗ್ಗುಲಿನ ಅಚ್ಚು ತಲೆಕೆಳಗು. ಅಲ್ಲಿ ಆ ತೂತು ಬಿದ್ದದ್ದು ಇಸವಿಯ ಕೆಳಗೆ, ಅಂಚನ್ನೇ ಕಚ್ಚಿಕೊಂಡು.

“‘1’ರ ಕೆಳಗಿನ ಹಲ್ಲೂ ಅಕ್ಕಸಾಲಿಗನೇ ಕೊರ್ದಿದ್ದು,” ಅಂದೆ. “ನೀವು ಅಳೆದಿರೋದು ಅವನ ಕೈಕೆಲ್ಸಾನ.”

“ಬಂದ್ರಪ್ಪಾ, ಪೊರಕೆ ಪ್ರೊಫೆಸರು!” ದೋನ್ ಅರ್ನುಲ್ಫೋ ಹೊಟ್ಟೆ ಕುಣಿಸಿದರು. “ಎಷ್ಟನೇ ಕ್ಲಾಸ್ ತನಕ ಓದಿದ್ದೀಯಮ್ಮ ನೀನು?”

“ನಾಲ್ಕು.”

“ನಾಲ್ಕು!”

“ಹಲ್ಲು ಎಣಿಸೋಕೆ ಅಷ್ಟು ಸಾಕು. ಬೇರೆ ಕಡೆ ಮೂರಿರೋವಷ್ಟು ಜಾಗದಲ್ಲಿ ಇಲ್ಲಿ ನಾಲ್ಕಿದೆ, ನೋಡಿ.”

ನಗುತ್ತಲೇ ಭೂತಗನ್ನಡಿ ಎತ್ತಿಕೊಂಡರು. ಒಬ್ಬೊಬ್ಬರದಾಗಿ ನಗು ನಿಂತಿತು. ಹದ್ದಿನ ಕಣ್ಣಿನವರು ಡಬ್ಬಿಯನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡು, ಮೂಗಿನ ತುದಿ ಕೆಂಪಾಗಿಸಿಕೊಂಡು, “ಮುಂದಿನ ವಿಷಯ,” ಅಂದರು. ಮುಂದಿನ ವಿಷಯ ವಾರ್ಷಿಕ ಊಟ. ಕೋಳಿಯೋ ಹಂದಿಯೋ ಎಂದು ಐದೂ ಜನ ತಕ್ಷಣ ಚರ್ಚೆಗಿಳಿದರು, ಜೀವಮಾನವೆಲ್ಲ ಅದನ್ನೇ ಅಧ್ಯಯನ ಮಾಡಿದವರ ಹಾಗೆ.

ನಾನು ನಾಣ್ಯ ಕೇಳಿದೆ. ಕೋಳಿಯ ಪರವಾಗಿ ಯಾರೋ ಮಾತಾಡುತ್ತಿದ್ದರು. ಟ್ರೇ ಕೆಳಗಿಟ್ಟು ಇನ್ನಷ್ಟು ಗಟ್ಟಿಯಾಗಿ ಹೇಳಿದೆ:

“ದೋನ್ ತೆಯೋದುಲೋ, ನಾಳೆ ಅಕ್ಕನ ಮದ್ವೆ. ತೂತು ಮೊದಲಿದ್ದಲ್ಲೇ ಹಾಕ್ಸಿ, ನಾಣ್ಯ ಕೊಟ್ಬಿಡಿ.”