ಪೋಸ್ಟ್‌ಮ್ಯಾನರ ಮೀನಖಂಡ

ಶಿರಾದ ಬಾಡಿಗೆ ಮನೆಗೆ ಬಂದ ಎರಡನೆಯ ವಾರ ಮನೆಯೊಡತಿ ಕರಿಬಸಮ್ಮನವರು ನನ್ನನ್ನು ಹಿತ್ತಲಿಗೆ ಕರೆದು, ದನಿ ತಗ್ಗಿಸಿ, ನಾನು ಗಂಡನನ್ನು ಹೊಡೆಯುತ್ತೇನೆಯೇ ಎಂದು ಕೇಳಿದರು.

ಇಲ್ಲ ಎಂದೆ.

"ಓದಿದೋಳು ನೀನು, ಮುಚ್ಚಿಡಬ್ಯಾಡ. ನಡುರಾತ್ರೀಲಿ ವೀರಭದ್ರಯ್ಯ ಹೆಂಗ್ ಕೂಗ್ಕಂತಾನೆ ಅಂದ್ರೆ, ನಮ್ಮೆಮ್ಮೆ ಎದ್ದು ನಿಂತ್ಕಂತದೆ."

"ಅವರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ ಅಮ್ಮ. ಟಪಾಲು ಹಂಚಲು ದಿನಾ ಸೈಕಲ್ ತುಳಿಯುತ್ತಾರಲ್ಲ."

"ಮೀನಖಂಡ ಎಲ್ಲಾರ್ಗೂ ಐತೆ. ನಂಗೂ ಐತೆ. ನಾನೇನ್ ಕೂಗ್ಕಂತೀನಾ?"

ಅವರು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು. ಹೊಡೆಯುವ ಕೈಗಳಲ್ಲ ಎಂದು ಅನ್ನಿಸಿರಬೇಕು.

"ಬರೋ ತಿಂಗ್ಳು ಅಮಾಸೆ ಆದ್ ಮ್ಯಾಕೆ ನಮ್ ಮಗ್ಳು ಇಂದ್ರಮ್ಮ ಹೆರಿಗೆಗೆ ಬತ್ತಾಳೆ. ಚೊಚ್ಚಲು. ಅವ್ಳು ಬೆಚ್ಚಿಬಿದ್ರೆ ಏನ್ ಗತಿ? ಅಷ್ಟ್ರೊಳಗೆ ಕೂಗು ನಿಂತ್ರೆ ಇರಿ. ಇಲ್ದಿದ್ರೆ ಬ್ಯಾರೆ ಮನೆ ನೋಡ್ಕಳಿ."

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ೧೯೭೯ರ ಆ ಬೇಸಿಗೆಯಲ್ಲಿ ಶಿರಾದಲ್ಲಿ ಬೇರೆ ಮನೆ ಇರಲಿಲ್ಲ. ಕಡಲೆಕಾಯಿ ವ್ಯಾಪಾರಿಗಳು ಖಾಲಿ ಕೋಣೆಗಳನ್ನೆಲ್ಲ ಹಿಡಿದು ಮೂಟೆ ತುಂಬಿಸಿದ್ದರು. ಈ ಮನೆ ಹೋದರೆ ಕಳ್ಳಂಬೆಳ್ಳದಲ್ಲಿ ಅತ್ತೆಯ ಮನೆಗೆ ಹೋಗಬೇಕು. ಅಲ್ಲಿಂದ ಬರುವ ಬೆಳಗಿನ ಬಸ್ಸು ನನ್ನ ಶಾಲೆಯ ಮೊದಲ ಗಂಟೆ ಹೊಡೆದ ಮೇಲೆ ಶಿರಾ ಮುಟ್ಟುತ್ತದೆ. ತುಮಕೂರಿನಲ್ಲಿ ಬಿ.ಎ. ಮಾಡಿ, ಮೇಲೆ ಬಿ.ಎಡ್. ಮಾಡಿ, ಎರಡು ವರ್ಷ ಕಾದು ಸಿಕ್ಕ ಕೆಲಸ ಅದು. ಇನ್ನೂ ಖಾಯಂ ಆಗಿರಲಿಲ್ಲ. ಅತ್ತೆ ಆಗಲೇ ಎರಡು ಸಲ, "ಕೆಲಸ ಬುಟ್ಟು ಬಾಮ್ಮ, ಮನೇಲೇ ಬೇಕಾದಷ್ಟೈತೆ" ಎಂದು ಹೇಳಿ ಕಳಿಸಿದ್ದರು. ಅಂದರೆ ನಮ್ಮವರ ಬಲಗಾಲಿನ ಹಿಂಭಾಗದ ಒಂದು ಗೇಣು ಮಾಂಸದ ಮೇಲೆ ನನ್ನ ನೌಕರಿ ನಿಂತಿತ್ತು.

ಮೊದಲು ಅತ್ತೆ ಕಳಿಸಿದ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಹಾಸಿಗೆ ಜಿಡ್ಡಾಯಿತು, ಕೂಗು ಹಾಗೆಯೇ ಇತ್ತು. ಕರಿಬಸಮ್ಮನವರು ಹಾಸಿಗೆಯ ಕಾಲ ಕಡೆ ಕುಡುಗೋಲು ಇಟ್ಟುಕೊಳ್ಳಲು ಕೊಟ್ಟರು. ರಾತ್ರಿ ಕಾಲು ಹಿಡಿದಾಗ ಒದ್ದಾಡುವ ಮನುಷ್ಯನ ಪಕ್ಕದಲ್ಲಿ ಕುಡುಗೋಲು ಇಡುವುದು ಸರಿಯೆನಿಸದೆ, ಅದನ್ನು ಬಾಗಿಲ ಹಿಂದೆ ಇಟ್ಟು, ಹಾಸಿಗೆಯ ಬಳಿಯೇ ಇದೆ ಎಂದೆ. ಆಸ್ಪತ್ರೆಯ ಕಾಂಪೌಂಡರ್ ಬೇರೆ ದಾರಿ ಹೇಳಿದರು. ಮಲಗುವ ಮುಂಚೆ ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲಕ್ಕೆ ಒತ್ತಿ, ಗೋಡೆಯನ್ನು ತಳ್ಳುವಂತೆ ನಿಲ್ಲಬೇಕು.

ನಮ್ಮವರು ಯಾವುದನ್ನೂ ಅರೆಬರೆ ಮಾಡುವವರಲ್ಲ. ತಳ್ಳಿದರು. ಅದು ಮಣ್ಣಿನ ಗೋಡೆ. ಮೂರನೆಯ ರಾತ್ರಿ ಆ ಕಡೆ ಕರಿಬಸಮ್ಮನವರ ದೇವರ ಗೂಡಿನೊಳಗೆ ಗಾರೆ ಉದುರಿತು.

"ಈಗ ಮನೇನೇ ಕೆಡವ್ತಾ ಅವ್ನಾ?" ಎಂದು ಅತ್ತ ಕಡೆಯಿಂದ ಕೇಳಿದರು.

ಅಂದಿನಿಂದ ಬೀದಿ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತರು. ಹೋಗಿ ಬರುವವರು ಪೋಸ್ಟ್‌ಮ್ಯಾನರನ್ನು ಮನೆಯೊಳಗೆ ಬಿಡುತ್ತಿಲ್ಲವೆಂದು ಮಾತಾಡಿಕೊಂಡರು. ಕೂಗು ಮಾತ್ರ ವಾರಕ್ಕೆ ಆರು ದಿನದಿಂದ ನಾಲ್ಕಕ್ಕೆ ಇಳಿಯಿತು. ಸಾಲದು.

ನಾನು ಒಂದು ನೋಟ್‌ಬುಕ್ಕಿನಲ್ಲಿ ಅವರು ಉಂಡದ್ದು, ಮಲಗಿದ್ದು, ಎದ್ದದ್ದು, ಹಿತ್ತಲಿಗೆ ಹೋಗಿಬಂದದ್ದು ಎಲ್ಲವನ್ನೂ ಬರೆಯತೊಡಗಿದೆ. ಒಂದು ಭಾನುವಾರ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಳ್ಳಂಬೆಳ್ಳಕ್ಕೆ ಹೋಗಿ ಬಂದರು. ಎದುರುಗಾಳಿ ಬೇರೆ. ಆ ರಾತ್ರಿ ಅವರು ಕೂಗಲಿಲ್ಲ. ಹಾಗಾದರೆ ಸೈಕಲ್ಲೊಂದೇ ಕಾರಣವಲ್ಲ. ಪುಟ ತಿರುವಿ ನೋಡಿದೆ. ಕಳ್ಳಂಬೆಳ್ಳದಲ್ಲಿ ಅತ್ತೆ ಅವರಿಗೆ ನಾಲ್ಕು ಲೋಟ ಮಜ್ಜಿಗೆ ಕುಡಿಸಿದ್ದರು. ಉಳಿದ ದಿನಗಳಲ್ಲಿ, ಬೆಳಿಗ್ಗೆ ಮುದ್ದೆ ಉಂಡು ಹೊರಟವರು ಸಂಜೆ ಬಂದ ಮೇಲೂ ಮಲಗುವವರೆಗೆ ಹಿತ್ತಲಿಗೆ ಹೋಗುತ್ತಿರಲಿಲ್ಲ.

"ಹಳ್ಳಿಯಲ್ಲಿ ನೀರು ಎಲ್ಲಿ ಕುಡಿಯುತ್ತೀರಿ?"

"ಕುಡಿಯಲ್ಲ."

"ಇಡೀ ದಿನ?"

"ಕುಡಿಯೋ ಹಂಗಿಲ್ಲ ಕಣೆ."

ಅವರು ಟಪಾಲು ಹಂಚುತ್ತ ಸುತ್ತುವ ಬೀಟಿನ ದೊಡ್ಡ ಊರು ಹುಣಸೆಕಟ್ಟೆ. ಹಿಂದಿನ ವರ್ಷ ಪಂಚಾಯ್ತಿ ಎಲೆಕ್ಷನ್ ಆದಾಗಿನಿಂದ ಅಲ್ಲಿ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಮಾತಿಲ್ಲ. ಎಲೆಕ್ಷನ್ನಿನ ಮರುವಾರ ಮೇಲಿನ ಕೇರಿಯ ಜಗಲಿಯೊಂದರಲ್ಲಿ ನಮ್ಮವರು ಒಂದು ಲೋಟ ನೀರು ಕುಡಿದಿದ್ದರು. ಕೆಳಗಿನ ಕೇರಿಯವರು, ಪೋಸ್ಟ್‌ಮ್ಯಾನ್ ಆ ಪಾರ್ಟಿಯವನು, ನಮ್ಮ ಮನಿಯಾರ್ಡರ್ ತಡಮಾಡುತ್ತಾನೆ ಎಂದರು. ಮರುದಿನ ಸಮಾಧಾನಕ್ಕೆಂದು ಕೆಳಗಿನ ಕೇರಿಯಲ್ಲಿ ಕುಡಿದರು. ಮೇಲಿನವರು ಅದನ್ನೇ ಹೇಳಿದರು. ಆಮೇಲೆ ಎಲ್ಲಿಯೂ ಕುಡಿಯಲಿಲ್ಲ. ಇತರ ಊರುಗಳಲ್ಲೂ ಎರಡೂ ಕೇರಿಗಳ ನೆಂಟರಿದ್ದುದರಿಂದ ಅಲ್ಲಿಯೂ ಬಿಟ್ಟರು. ಹದಿನೆಂಟು ಮೈಲಿ ಒಣಗಂಟಲಿನಲ್ಲಿ ತುಳಿದು, ಸರ್ಕಾರದ ಕೆಲಸ ನಿಷ್ಪಕ್ಷಪಾತವಾಗಿರಬೇಕು ಎಂದು ನನಗೆ ಹೇಳಿದರು.

ಔಷಧಿ ಅಂಗಡಿಯಿಂದ ಒಂದು ದೊಡ್ಡ ಗಾಜಿನ ಸೀಸೆ ತಂದು ತೊಳೆದು, ಹಳೇ ಜಮಖಾನೆಯ ತುಂಡಿನಿಂದ ಚೀಲ ಹೊಲಿದು, ಸೈಕಲ್ಲಿನ ಹ್ಯಾಂಡಲ್‌ಗೆ ಕಟ್ಟಿಕೊಟ್ಟೆ. ಇದು ನನ್ನ ತಪ್ಪು. ಹುಣಸೆಕಟ್ಟೆಯ ಜನ ಪೋಸ್ಟ್‌ಮ್ಯಾನರ ಸೈಕಲ್ಲಿನಲ್ಲಿ ಸೀಸೆ ಕಂಡರು, ಅವರು ಮರದ ಮರೆಗೆ ನಿಂತು ಅದನ್ನು ಎತ್ತಿ ಕುಡಿಯುವುದನ್ನೂ ಕಂಡರು. ಒಂದು ವರ್ಷದಿಂದ ಮಾತಿಲ್ಲದ ಎರಡು ಕೇರಿಗಳು ಸೇರಿ, ಪೋಸ್ಟ್‌ಮ್ಯಾನ್ ಹಗಲುಹೊತ್ತೇ ಕುಡಿಯುತ್ತಾನೆ ಎಂದು ಅರ್ಜಿ ಬರೆದವು. ಬರೆದು, ಊರ ಪೋಸ್ಟ್ ಡಬ್ಬಿಗೆ ಹಾಕಿದವು. ಡಬ್ಬಿ ತೆಗೆಯುವವರು ನಮ್ಮವರೇ. ತಂದು, ಮುದ್ರೆ ಹಾಕಿಸಿ, ಪೋಸ್ಟ್‌ಮಾಸ್ಟರ ಮೇಜಿನ ಮೇಲೆ ಇಟ್ಟರು.

ಪೋಸ್ಟ್‌ಮಾಸ್ಟರು ಸೀಸೆ ಮೂಸಿ ನೋಡಿ, ನೀರು ಎಂದು ಒಪ್ಪಿಕೊಂಡು, ಆದರೂ ಬೇಡ ಎಂದರು.

ಅಮಾವಾಸ್ಯೆಗೆ ಹದಿನಾರು ದಿನ ಉಳಿದಿತ್ತು.

"ಆ ದಾರಿಯಲ್ಲಿ ಯಾವ ಕೇರಿಗೂ ಸೇರದವರು ಒಬ್ಬರೂ ಇಲ್ಲವೇ?" ಎಂದೆ.

ಊಟ ಮುಗಿಯುವವರೆಗೂ ಯೋಚಿಸಿದರು. ಕೈ ತೊಳೆಯುತ್ತ, "ಕಾಟಪ್ಪ" ಎಂದರು.

ಕಾಟಪ್ಪ ಹುಣಸೆಕಟ್ಟೆಯ ಹೊರಗಿನ ಗೊಲ್ಲರಹಟ್ಟಿಯ ಕುರಿಗಾರ. ಭಾನುವಾರ ನಾನೇ ಜೊತೆಗೆ ಹೋದೆ; ಮನುಷ್ಯನನ್ನೂ ಮಡಕೆಯನ್ನೂ ನೋಡದೆ ಒಪ್ಪುವುದು ನನ್ನಿಂದಾಗದು. ಎರಡೂ ಶುದ್ಧವಾಗಿದ್ದವು. ನಾನು ವಿಷಯ ಹೇಳುತ್ತಿದ್ದಂತೆ ಅವನು ಕಂಬಳಿ ಕೊಡವಿ ಹಾಸಿದ.

"ಪೋಸ್ಟಪ್ನೋರು ನೀರ್ ಮುಟ್ಟದೆ ತುಳೀತಾರೆ ಅಂತ ಹಟ್ಟಿಗೆಲ್ಲಾ ಗೊತ್ತು ಕಣವ್ವಾ. ಏನೋ ಹರಕೆ ಇರ್ಬೇಕು, ನಾವ್ಯಾಕ್ ಕೆಡಸಾನ ಅಂತ ಸುಮ್ಕಿದ್ವಿ."

"ನೀವು ಯಾವ ಪಾರ್ಟಿ?"

"ನಮ್ಮನ್ನ ಯಾರೂ ಕರೀಲಿಲ್ವಲ್ಲ."

"ನಿಮಗೆ ಎಂದಾದರೂ ಕಾಗದ, ಮನಿಯಾರ್ಡರ್ ಬಂದಿದೆಯೇ?"

"ಎಲ್ಲಿಂದ ಬಂದಾತು? ನಮ್ಮೋರೆಲ್ಲಾ ಇಲ್ಲೇ ಅವ್ರೆ."

ಪಕ್ಷಪಾತಕ್ಕೆ ಆಸ್ಪದವೇ ಇರಲಿಲ್ಲ. ಕಾಟಪ್ಪ ಉಪ್ಪು ಹಾಕಿದ ನೀರುಮಜ್ಜಿಗೆ ತಂದು ನಮ್ಮವರ ಮುಂದೆ ಇಟ್ಟ. "ಕುಡೀರಿ. ಬ್ಯಾಸ್ಗೇಲಿ ಕುರೀಗೂ ಉಪ್ಪು ನೆಕ್ಕುಸ್ತೀವಿ. ನೀವು ಕುರಿಗಿಂತ ದೂರ ತಿರುಗ್ತೀರಿ." ನಮ್ಮವರು ಎರಡು ಚೊಂಬು ಕುಡಿದರು. ಅತ್ತೆಗೆ ಇದನ್ನು ತಿಳಿಸುವ ಅಗತ್ಯ ನಮ್ಮಿಬ್ಬರಿಗೂ ಕಾಣಲಿಲ್ಲ.

ಹೋಗುವಾಗ ಒಂದು ಚೊಂಬು, ಬರುವಾಗ ಒಂದು ಚೊಂಬು, ರಾತ್ರಿ ಬಾಗಿಲ ಚೌಕಟ್ಟು. ಮೊದಲ ವಾರ ಒಂದು ಸಲ ಕೂಗಿದರು, ಅದೂ ಅರ್ಧಕ್ಕೆ ನಿಂತಿತು. ಎರಡನೆಯ ವಾರ ಒಂದೂ ಇಲ್ಲ. ನಾನು ಮಾತ್ರ ಎರಡು ಗಂಟೆಗೆ ಎಚ್ಚರವಾಗಿ ಅವರ ಕಾಲನ್ನು ನೋಡುತ್ತ ಕೂರುತ್ತಿದ್ದೆ. ಅದು ನಿದ್ದೆ ಮಾಡುತ್ತಿತ್ತು.

ಅಮಾವಾಸ್ಯೆಯ ಹಿಂದಿನ ರಾತ್ರಿ, ಇನ್ನೊಂದು ರಾತ್ರಿ ಕಳೆದರೆ ಸಾಕು ಎಂದುಕೊಂಡು ಮಗ್ಗುಲಾದೆ. ನನ್ನ ಎಡಗಾಲಿನ ಮೀನಖಂಡ ಕಲ್ಲಾಯಿತು.

ಇಷ್ಟು ದಿನ ಅವರು ಸ್ವಲ್ಪ ಹೆಚ್ಚಾಗಿಯೇ ಕೂಗುತ್ತಾರೆಂದು ಒಳಗೊಳಗೇ ಅಂದುಕೊಂಡಿದ್ದೆ. ಆ ಮಾತನ್ನು ಹಿಂತೆಗೆದುಕೊಂಡೆ. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಎದ್ದು, ಬಾಗಿಲವರೆಗೆ ಕುಂಟಿ, ಚೌಕಟ್ಟಿಗೆ ಕೈಯೂರಿ ಹಿಮ್ಮಡಿ ಒತ್ತಿದೆ. ಕಣ್ಣಲ್ಲಿ ನೀರು ಬಂತು. ಸದ್ದು ಬರಲಿಲ್ಲ. ಎಮ್ಮೆ ಏಳಲಿಲ್ಲ.

ಕತ್ತಲಲ್ಲಿ ನಿಂತು ನನ್ನ ದಿನವನ್ನೂ ಎಣಿಸಿದೆ. ಬೆಳಿಗ್ಗೆ ಅರ್ಧ ಲೋಟ ಕಾಫಿ. ಆಮೇಲೆ ಸಂಜೆಯವರೆಗೆ ಏನೂ ಇಲ್ಲ, ಆರು ಪೀರಿಯಡ್ ನಿಂತುಕೊಂಡೇ. ನಮ್ಮ ಶಾಲೆಯಲ್ಲಿ ಕಕ್ಕಸು ಇರಲಿಲ್ಲ. ಹುಡುಗಿಯರು ಬೇಲಿಯಾಚೆ ಹೋಗುತ್ತಿದ್ದರು, ಟೀಚರುಗಳು ಹೋಗುವಂತಿರಲಿಲ್ಲ. ಸಂಜೆಯವರೆಗೆ ಅಪ್ಪಣೆಯಿಲ್ಲದೆ ಗೇಟು ದಾಟುವಂತೆಯೂ ಇರಲಿಲ್ಲ. ಆದ್ದರಿಂದ ನಾವು ನೀರು ಕುಡಿಯುತ್ತಿರಲಿಲ್ಲ. ಹಾಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಕರಿಬಸಮ್ಮನವರು ಎಮ್ಮೆ ಕರೆಯುತ್ತ, "ಇರಿ ಬುಡಿ ಇನ್ನ. ನಾಳಿದ್ದು ಇಂದ್ರಮ್ಮ ಬತ್ತಾಳೆ. ಕುಡುಗೋಲು ಕೆಲಸ ಮಾಡ್ತು ನೋಡು" ಎಂದರು. ಮಾಡಿತು ಎಂದೆ.

ಎರಡು ಲೋಟ ನೀರು ಕುಡಿದು ಶಾಲೆಗೆ ಹೋದೆ. ಹತ್ತೂವರೆಗೆ ಹೆಡ್‌ಮಿಸ್ಟ್ರೆಸ್ ರಾಜಲಕ್ಷ್ಮಮ್ಮನವರ ಕೋಣೆಗೆ ಹೋಗಿ, ಇಂದಿನಿಂದ ದಿನಾ ಇಂಟರ್‌ವಲ್ಲಿನಲ್ಲಿ ಹತ್ತು ನಿಮಿಷ ಮನೆಗೆ ಹೋಗಿ ಬರಲು ಅಪ್ಪಣೆ ಬೇಕು, ಮನೆ ಎರಡೇ ಬೀದಿಯಾಚೆ ಇದೆ ಎಂದೆ. ಇಪ್ಪತ್ತೆರಡು ವರ್ಷ ಸರ್ವಿಸ್ ಆದವರು, ನಗುವವರಲ್ಲ. ಕಾರಣ ಬರೆದುಕೊಡಿ ಎಂದು ಕಾಗದ ಮುಂದೆ ತಳ್ಳಿದರು.

ಸ್ವಲ್ಪ ಯೋಚಿಸಿ, "ರಾತ್ರಿ ವೇಳೆಯ ಮೀನಖಂಡದ ಸೆಳೆತವನ್ನು ತಡೆಗಟ್ಟುವ ಸಲುವಾಗಿ" ಎಂದು ಬರೆದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು, ಮೇಜಿನ ಕೆಳಗೆ ಕೈ ಬಿಟ್ಟು ತಮ್ಮ ಕಾಲನ್ನು ಒಮ್ಮೆ ಒತ್ತಿಕೊಂಡರು. ಕಾಗದವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಎದ್ದು ಸೆರಗು ಸರಿಮಾಡಿಕೊಂಡರು.

"ನಡೀರಿ" ಎಂದರು. "ನಾನೂ ಬರ್ತೀನಿ."