ಅಮಾತೆಪ್ಪನ ಸಹಿ

ಬಾಗಲಕೋಟೆಯ ಆ ಸಭಾಭವನದಲ್ಲಿ ಕಲ್ಲೇಶ ವೇದಿಕೆ ಹತ್ತಿದ್ದನ್ನು ನೀವು ನೋಡಿಲ್ಲ ಅಂದರೆ, ಎಂಟ್ರಿ ಅಂದರೆ ಏನಂತಲೇ ನೀವು ನೋಡಿಲ್ಲ ಬಿಡಿ. ನಾಲ್ಕು ಜಿಲ್ಲೆಗಳ ಮುನ್ನೂರು ಜನ ಗ್ರಂಥಪಾಲಕರು. ಎಲ್ಲರ ಕೊರಳಲ್ಲೂ ಹಳದಿ ದಾರದ ಗುರುತಿನ ಚೀಟಿ, ಎಲ್ಲರ ತೊಡೆಯ ಮೇಲೂ ಒಂದೇ ನಮೂನೆಯ ಕೈಚೀಲ. ಅವರ ನಡುವಿನಿಂದ ಇಪ್ಪತ್ತಾರರ ಹುಡುಗನೊಬ್ಬ ಎದ್ದು, ಮೆಟ್ಟಿಲುಗಳನ್ನು ಎರಡೆರಡಾಗಿ ದಾಟಿ, ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು ಕೈಯಲ್ಲಿ ಹಿಡಿದ. ತಂಪು ಕನ್ನಡಕವನ್ನು ಅಂಗಿಯ ಗುಂಡಿಗೆ ಸಿಗಿಸಿದ. ಆಮೇಲೆ ಬಿಟ್ಟ:

"ನಾ ಲೈಬ್ರರಿ ಬಾಗಲಾ ತಗಿಯಾಂವಲ್ರಿ. ನಾ ಬರೂದು ನೋಡಿ ಬಾಗಲಾನ ತಾವಾಗಿ ತೆರಕೋತಾವ!"

ಸಿಳ್ಳೆ ಬಿತ್ತು. ಗ್ರಂಥಪಾಲಕರ ಸಮ್ಮೇಳನದಲ್ಲಿ ಸಿಳ್ಳೆ! ಹೊಡೆದವನು ಕಲ್ಲೇಶನ ಗೆಳೆಯ ಅಫ್ಸರ. ಹುನಗುಂದದ ಕಡೆಯ ಹಳ್ಳಿಯೊಂದರ ಗ್ರಂಥಪಾಲಕ, ಮೂರನೆಯ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಆದರೆ ಚಪ್ಪಾಳೆ ಮಾತ್ರ ಎಲ್ಲರದು. ಮುಂದಿನ ಸಾಲಿನಲ್ಲಿ ಕೂತಿದ್ದ ವಲಯದ ಸಾಹೇಬರೂ ತಟ್ಟಿದರು.

ಗುಬ್ಬಿಹಾಳ ಇಳಕಲ್ಲಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಪಂಚಾಯ್ತಿ ಕಟ್ಟಡದ ಹಿಂದಿನ ಒಂದು ಕೋಣೆಯೇ ಗ್ರಂಥಾಲಯ. ಎರಡು ಉದ್ದದ ಬೆಂಚು, ನಾಲ್ಕು ಕಪಾಟು, ಒಂದು ಫ್ಯಾನು. ಅಲ್ಲಿ ದಿನಕ್ಕೆ ಸರಾಸರಿ ಅರವತ್ತೆರಡು ಓದುಗರು! ಹಾಜರಿ ಪುಸ್ತಕದಲ್ಲಿ ಅರವತ್ತೆರಡು ಸಹಿ. ಇಡೀ ವಲಯಕ್ಕೆ ಮೊದಲು. ಹೇಗೆ ಸಾಧಿಸಿದೆ ಎಂದು ಹೇಳಲು ಸಾಹೇಬರೇ ಕಲ್ಲೇಶನನ್ನು ಕರೆಸಿದ್ದರು.

ಹೇಗೆ ಅಂದರೆ, ನಾಲ್ಕು ಪೆನ್ನಿನಿಂದ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಿಗೇ ಓದುಗರು ಕಡಿಮೆ ಎಂದು ನೋಟಿಸು ಬಂದಿತ್ತು. ಪಂಚಾಯ್ತಿಯ ಕಪಾಟಿನಲ್ಲಿ ಒಂದು ಹಳೆಯ ಮತದಾರರ ಪಟ್ಟಿ ಸಿಕ್ಕಿತು. ಅವತ್ತಿನಿಂದ ಸಂಜೆ ಬಾಗಿಲು ಹಾಕುವ ಮುಂಚೆ ಅರ್ಧ ಗಂಟೆ ಅವನ ಶೂಟಿಂಗ್. ಹೆಸರು, ಮನೆ ನಂಬರು, ಸಹಿ. ಒಬ್ಬರದು ನೀಲಿ, ಒಬ್ಬರದು ಕಪ್ಪು. ಮುದುಕರಿಗೆ ಎಡಗೈಯಿಂದ ನಡುಗುವ ಸಹಿ, ಕಾಲೇಜು ಹುಡುಗಿಯರಿಗೆ ಬಾಲದ ತುದಿಯಲ್ಲಿ ಹೂವು. ಕಲೆ ಅಂದರೆ ಕಲೆ. ಒಂದೂವರೆ ವರ್ಷ ಒಬ್ಬನೇ ಇಡೀ ಊರಿನ ಪಾರ್ಟು ಮಾಡಿದ್ದ. ಒಬ್ಬರದು ಇನ್ನೊಬ್ಬರಂತೆ ಇರಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಇದನ್ನು ಅಫ್ಸರನಿಗೂ ಹೇಳಿರಲಿಲ್ಲ.

ಭಾಷಣ ಮುಗಿದಾಗ ನಡುಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಐವತ್ತರ ಆಸುಪಾಸು, ಮಾಸಿದ ಇಳಕಲ್ ಸೀರೆ, ಕೈಯಲ್ಲಿ ಸಾಲಿ ಹುಡುಗರ ಇನ್ನೂರು ಪುಟದ ನೋಟ್‌ಬುಕ್ಕು.

"ತಮ್ಮಾ, ವಯಸ್ಸಾದವರು ಭಾಳ ಮಂದಿ ಬರ್ತಾರಂದಿ. ಅವರು ಎಂಥಾ ಪುಸ್ತಕ ಕೇಳ್ತಾರಪಾ? ನಾನೂ ತರಸ್ತಿದ್ನಿ."

"ದಪ್ಪನ್ನವು ಕೇಳ್ತಾರ್ರಿ ಅಕ್ಕಾರ," ಕಲ್ಲೇಶ ಮೈಕನ್ನು ಕೈಯಿಂದ ಕೈಗೆ ಹಾರಿಸಿದ. "ತಲಿದಿಂಬಿಗೆ ಆಕ್ಕೈತಿ ನೋಡ್ರಿ!"

ಭವನವೆಲ್ಲ ನಕ್ಕಿತು. ಆಕೆಯೂ ನಕ್ಕಳು, ಸ್ವಲ್ಪ ತಡವಾಗಿ. ಬರೆಯಲೆಂದು ತೆರೆದಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿ ಕೂತಳು.

ಊಟಕ್ಕೆ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಕಲ್ಲೇಶ ತಟ್ಟೆ ಹಿಡಿದು ಬಂದವರಿಂದೆಲ್ಲ ಬೆನ್ನು ತಟ್ಟಿಸಿಕೊಳ್ಳುತ್ತ ಸಾಗಿ ಮೂಲೆಯ ಕುರ್ಚಿಗೆ ಬಂದರೆ, ಪಕ್ಕದ ಕುರ್ಚಿಯಲ್ಲಿ ಆಕೆಯೇ.

"ನಾ ಸುನಂದಾ ಅಂತ. ಬಾದಾಮಿ ಕಡೆ ಹಳ್ಳ್ಯಾಗ ಇಪ್ಪತ್ತೆರಡು ವರ್ಷಾತು ಲೈಬ್ರರಿ ನೋಡ್ಕೊಳ್ಳಾಕತ್ತು. ಆದ್ರ ಗುಬ್ಬಿಹಾಳ ನನ್ನ ತವರುಮನಿ ನೋಡು."

"ಹೌದೇನ್ರಿ! ಹಂಗಾರ ನಾ ತವರಿನ ತಮ್ಮ ಆದ್ನಿ. ಬರಿಗೈಲೆ ಬಂದೇನಲ್ರಿ ಅಕ್ಕಾರ."

"ನೀ ಯಾರ ಪೈಕಿ ಅಲ್ಲಿ?"

"ನಾ ಇಳಕಲ್ಲಿನಾಂವ್ರಿ. ದಿನಾ ಬಸ್ಸಿಗೆ ಹೋಗಿ ಬರ್ತೇನಿ. ನಮ್ಮವ್ವ ಮಗ್ಗದಾಗ ಕುಂದರ್ತಾಳ್ರಿ. ನೀವು ಉಟ್ಟ ಸೀರಿನೂ ಆಕಿದ ಇದ್ದೀತು."

ಸುನಂದಾ ಸೆರಗು ಮುಟ್ಟಿ ನೋಡಿಕೊಂಡು ನಕ್ಕಳು. ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟು ದನಿ ತಗ್ಗಿಸಿದಳು. "ಚ್ಯಾಷ್ಟಿ ಸಾಕು. ಖರೆ ಹೇಳು ತಮ್ಮಾ, ಅಷ್ಟು ಮಂದೀನ ಹೆಂಗ ಕರಕೊಂಡು ಬಂದಿ? ನನ್ನಲ್ಲಿ ಸಹಿ ಮಾಡಾವರು ಒಂಬತ್ತೇ ಮಂದಿ. ಹೆಬ್ಬಟ್ಟು ಒತ್ತಾವರು ಹದಿನೈದು ಹದಿನಾರು ಮಂದಿ ಅದಾರ. ನಾ ಪೇಪರ್ ಓದಿ ಹೇಳ್ತೇನಿ, ಅವರು ಕುಂತು ಕೇಳ್ತಾರ. ಸಾಹೇಬ್ರು ಅಂತಾರ, ಕೇಳಾವರು ಓದುಗರಲ್ಲ, ಹೆಬ್ಬಟ್ಟು ಲೆಕ್ಕಕ್ಕಿಲ್ಲ. ಮೂರು ನೋಟಿಸ್ ಬಂದಾವ. ಇವತ್ತ ಮಧ್ಯಾಹ್ನ ತೀರ್ಮಾನಂತ. ನಮ್ಮ ಲೈಬ್ರರಿ ಮುಚ್ಚಿ ಬಾದಾಮಿದಕ್ಕ ಕೂಡಸ್ತಾರಂತ."

"ಕೂಡಿಸಿದ್ರ ನೀವೂ ಬಾದಾಮ್ಯಾಗ ಆರಾಮ್ ಇರಬಹುದಲ್ರಿ."

"ನಾ ಇರ್ತೇನಿ. ಆ ಮುದುಕ್ರು ಪೇಪರ್ ಕೇಳಾಕ ದಿನಾ ಬಾದಾಮಿ ಬಸ್ ಹತ್ತತಾರೇನು?" ರೊಟ್ಟಿಯ ಚೂರೊಂದನ್ನು ಮುರಿದಳು, ತಿನ್ನಲಿಲ್ಲ. "ಗುಬ್ಬಿಹಾಳಕ್ಕ ಅರವತ್ತೆರಡು ಮಂದಿ ಬರ್ತಾರಂದ್ರ ನಿನಗ್ಯಾಕ ಬರಂಗಿಲ್ಲ ಅಂತ ಕೇಳ್ತಾರ ಸಾಹೇಬ್ರು. ನನ್ನಲ್ಲೇ ಏನೋ ಕಮ್ಮಿ ಐತಿ ಅಂತ ನನಗೂ ಅನ್ನಿಸಾಕತ್ತೇತಿ."

ಕಲ್ಲೇಶ ಹುಗ್ಗಿಯ ತಟ್ಟೆಯನ್ನು ಕುರ್ಚಿಯ ಕೆಳಗಿಟ್ಟ. ಏನಾದರೊಂದು ಡೈಲಾಗು ಹೊಡೆದು ಏಳಬೇಕು ಅಂದುಕೊಂಡ. ಅಷ್ಟರಲ್ಲಿ ಆಕೆಯೇ ಎದ್ದಳು. "ಬಾ, ನಿನ್ನ ಹಾಜರಿ ಪುಸ್ತಕ ಹೊರಗ ಇಟ್ಟಾರಲ್ಲ. ನಮ್ಮೂರ ಮಂದಿ ಹೆಸರರ ನೋಡೂಣು."

"ಅದರಾಗೇನೈತಿ ಬಿಡ್ರಿ. ಐಸ್‌ಕ್ರೀಮ್ ಕೊಡಾಕತ್ತಾರ, ಕರಗತೈತಿ."

ಆಕೆ ಆಗಲೇ ಹೊರಟಿದ್ದಳು.

ಪಡಸಾಲೆಯ ಪ್ರದರ್ಶನದ ಮೇಜಿನ ಮೇಲೆ ನೀಲಿ ಬಟ್ಟೆ, ಚೆಂಡುಹೂವಿನ ಮಾಲೆ, 'ಮಾದರಿ ಹಾಜರಿ ಪುಸ್ತಕ' ಎಂಬ ಚೀಟಿ. ಸುನಂದಾ ಕನ್ನಡಕ ಹಾಕಿಕೊಂಡು ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸತೊಡಗಿದಳು. ಅವಳ ಮುಖ ಅರಳುತ್ತಿತ್ತು.

"ಚಂದವ್ವ! ಇಕಿ ನನ್ನ ಕೂಡ ಕಲೀತಿದ್ದಾಕಿ, ನಡಕ ಸಾಲಿ ಬಿಟ್ಟಿದ್ಲು. ಮತ್ತ ಓದಾಕ ಹತ್ಯಾಳ? ದುರ್ಗಪ್ಪ... ನಮ್ಮ ಓಣ್ಯಾಗಿನಾಂವ. ಬಂಗಾರದಂಥಾ ಕೆಲಸ ಮಾಡೀ ನೋಡು ತಮ್ಮಾ."

ಪ್ರತಿ ಹೆಸರಿಗೂ ಕಲ್ಲೇಶನ ಕಿವಿ ಬಿಸಿಯಾಗುತ್ತಿತ್ತು. ಆಕೆ ಓದುತ್ತಿದ್ದುದು ಊರನ್ನು. ಅವನಿಗೆ ಕಾಣುತ್ತಿದ್ದುದು ನಾಲ್ಕು ಪೆನ್ನು ಮಾತ್ರ.

ಬೆರಳು ನಿಂತಿತು.

ಆಕೆ ಹೆಸರನ್ನು ಓದಿದಳು. ಪಕ್ಕದ ಮನೆ ನಂಬರನ್ನು ಓದಿದಳು. ಮತ್ತೆ ಹೆಸರನ್ನು ಓದಿದಳು. ಪುಟ ತಿರುವಿದಳು. ಅಲ್ಲಿಯೂ ಇತ್ತು. ಮುಂದಿನ ಪುಟದಲ್ಲಿಯೂ. ನೀಲಿ ಶಾಯಿ, ಸುಂದರವಾದ ಓರೆ ಅಕ್ಷರ, ಕೆಳಗೊಂದು ಗೆರೆ. ಕಲ್ಲೇಶನಿಗೆ ತುಂಬ ಇಷ್ಟವಾದ ಸಹಿಗಳಲ್ಲಿ ಅದೊಂದು.

"ಅಮಾತೆಪ್ಪ," ಅಂದಳು. "ನೂರಾ ಹದಿನೇಳು."

"ಯಾರ್ರಿ ಅಕ್ಕಾರ?"

"ನಮ್ಮಪ್ಪ."

ಪಡಸಾಲೆಯಲ್ಲಿ ಯಾರೋ ಸೆಲ್ಫಿಗೆ ನಗುತ್ತಿದ್ದರು. ಕಲ್ಲೇಶ, "ಅದ ಹೆಸರಿನಾಂವ ಬ್ಯಾರೆ..." ಎಂದು ಶುರು ಮಾಡಿ, ಮನೆ ನಂಬರಿನ ಮೇಲಿದ್ದ ಅವಳ ಬೆರಳು ನೋಡಿ ನಿಲ್ಲಿಸಿದ.

"ತೀರಿಕೊಂಡು ನಾಕ ವರ್ಷಾತು. ಮನಿನೂ ಬಿದ್ದೈತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. "ಜೀವ ಇರೂತನಕ ಸಹಿ ಬರಲಿಲ್ಲ ಅವಗ. ಬ್ಯಾಂಕಿನ್ಯಾಗ, ರೇಶನ್ ಅಂಗಡ್ಯಾಗ, ಎಲ್ಲಾ ಕಡೆ ಹೆಬ್ಬಟ್ಟ. ನಾಚಿಕಿ ಮಾಡ್ಕೋತಿದ್ದ. ನಾ ಸಾಲಿಂದ ಬರೂದ್ರಾಗ ಯಾರದರೆ ಹಳೇ ಪೇಪರ್ ಇಸಗೊಂಡು ಕಟ್ಟಿಮ್ಯಾಲ ಕುಂತಿರ್ತಿದ್ದ, ಓದು ಅಂತ."

ಸಹಿಯ ಮೇಲೆ ಬೆರಳಾಡಿಸಿದಳು.

"ಎಷ್ಟು ಚಂದ ಮಾಡ್ಯಾನ. ಯಾವ ಪೇಪರ್ ಓದ್ತಾನ ತಮ್ಮಾ?"

ಕಲ್ಲೇಶ ಪುಸ್ತಕ ಮುಚ್ಚಲು ಕೈ ಚಾಚಿದ. ಅಷ್ಟರಲ್ಲಿ ಸಾಹೇಬರು ಅತಿಥಿಗಳೊಂದಿಗೆ ಮೇಜಿನ ಕಡೆಗೆ ಬಂದರು. "ಇದೇ ನೋಡಿ ಸರ್, ನಮ್ಮ ಹೆಮ್ಮೆ." ಕಲ್ಲೇಶ ಸುನಂದಾಳ ತುಟಿ ನೋಡಿದ. ಆಕೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಜಾರಿದ್ದ ಹೂಮಾಲೆಯನ್ನು ಸರಿ ಮಾಡಿ, ಸಾಹೇಬರಿಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದಳು.

ಕಂಬದ ಬಳಿ ಅವನು ಹಿಂದೆ ಹೋದಾಗ, ಮುಖ ನೋಡದೆ ಅಂದಳು: "ನಾ ಯಾರಿಗೂ ಹೇಳಂಗಿಲ್ಲ. ನಿನ್ನ ನೌಕರಿ ಹೋದ್ರ ನಿಮ್ಮವ್ವ ಇನ್ನೂ ಎಷ್ಟು ವರ್ಷ ಮಗ್ಗದಾಗ ಕುಂದರಬೇಕು. ಆದ್ರ ನಮ್ಮಪ್ಪನ್ನ ಅಲ್ಲಿಂದ ಎಬ್ಬಿಸಿ ಕಳಸು. ಎಷ್ಟು ದಿನಾತೋ, ಬರೇ ಕುಂತಾನ. ಯಾರೂ ಓದಿ ಹೇಳಿಲ್ಲ ಅವಗ."

ಮಧ್ಯಾಹ್ನದ ಗೋಷ್ಠಿಯಲ್ಲಿ ಸಾಹೇಬರು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಸುನಂದಾಳ ಸರದಿ ಬಂತು.

"ಒಂಬತ್ತು. ಇಪ್ಪತ್ತೆರಡು ವರ್ಷದ ಅನುಭವ, ಒಂಬತ್ತು ಓದುಗರು. ಏನಮ್ಮ, ಬಾಗಿಲು ತೆಗೆಯುತ್ತೀರೋ ಇಲ್ಲವೋ?"

"ತಗೀತೇನ್ರಿ."

"ಮತ್ತೆ? ಆ ಹುಡುಗನನ್ನು ನೋಡಿ ಕಲಿಯಿರಿ. ನಿಮ್ಮದನ್ನು ಬಾದಾಮಿಗೆ ಸೇರಿಸಲು ಬರೆಯುತ್ತಿದ್ದೇನೆ. ಕಲ್ಲೇಶ, ಎದ್ದೇಳಪ್ಪ. ನಿನ್ನ ಗುಟ್ಟು ಇವರಿಗೂ ಹೇಳು."

ಮೈಕು ಕೈಯಿಂದ ಕೈಗೆ ದಾಟಿ ಅವನ ಬಳಿ ಬಂತು. ಮುನ್ನೂರು ಮುಖಗಳು ತಿರುಗಿದವು, ಬೆಳಗಿನ ನಗೆಯ ಆಸೆಯಲ್ಲಿ. ಅಫ್ಸರ ಮೊಬೈಲು ಎತ್ತಿದ. ಸುನಂದಾ ಮಾತ್ರ ತಿರುಗಲಿಲ್ಲ. ನಿಂತೇ ಇದ್ದಳು. ಕೈಯಲ್ಲಿ ಆ ನೋಟ್‌ಬುಕ್ಕು. ಅವಳ ಜಡೆಯ ತುದಿಗೆ ಹಾಕಿದ್ದ ಕಪ್ಪು ರಬ್ಬರ್ ಬ್ಯಾಂಡು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಅಫ್ಸರನ ವಿಡಿಯೋ ಕಲ್ಲೇಶನಿಗಿಂತ ಮೊದಲು ಗುಬ್ಬಿಹಾಳ ತಲುಪಿತ್ತು. ಚಹಾದ ಅಂಗಡಿಯಲ್ಲಿ "ಹೀರೋ ಬಂದ" ಅಂದರು. ಪಂಚಾಯ್ತಿಯ ಜವಾನ ಬಾಗಿಲು ತಾನೇ ತೆರೆದಂತೆ ಮಾಡಿ ಅಣಕಿಸಿದ. ಕಲ್ಲೇಶ ತಲೆ ಎತ್ತದೆ ಬೀಗ ತೆಗೆದ.

ಬೆಂಚಿನ ಮೇಲೆ ಎಂದಿನಂತೆ ಮಾಳಪ್ಪ ಬಂದು ಕೂತ. ಎಪ್ಪತ್ತು ದಾಟಿದ ಕುರಿಗಾರ. ಈಗ ಕುರಿಗಳನ್ನು ಮಕ್ಕಳು ನೋಡುತ್ತಾರೆ. ಒಂದೂವರೆ ವರ್ಷದಿಂದ ಒಂದು ದಿನವೂ ತಪ್ಪಿಸದೆ ಬರುವವನು ಅವನೊಬ್ಬನೇ. ಕೋಲನ್ನು ಗೋಡೆಗೆ ಆನಿಸಿ, "ಓದಲೇ ತಮ್ಮಾ" ಅನ್ನುತ್ತಾನೆ. ಕಲ್ಲೇಶ ಒಮ್ಮೊಮ್ಮೆ ಓದುತ್ತಿದ್ದ, ಹೆಚ್ಚು ದಿನ "ಏನೂ ಸುದ್ದಿ ಇಲ್ಲ ಕಾಕಾ" ಎಂದು ಮೊಬೈಲು ನೋಡುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಸಹಿ ಬಾರದವನು. ಹೆಬ್ಬೆಟ್ಟು ಲೆಕ್ಕಕ್ಕಿಲ್ಲ.

"ನಿನ್ನ ವಿಡಿಯೋ ಮೊಮ್ಮಗ ತೋರಿಸ್ದ," ಮಾಳಪ್ಪ ಬೊಚ್ಚುಬಾಯಿ ತೆರೆದು ನಕ್ಕ. "ಭಾಳ ಚಪ್ಪಾಳಿ ಬಿದ್ದಾವಲ್ಲೋ. ಆಮ್ಯಾಲ ಏನಾತು? ಮುಂದಿಂದು ಅದರಾಗಿಲ್ಲ."

ಇಳಕಲ್ ಬಸ್ ನಿಲ್ದಾಣದಲ್ಲಿ ಇದೇ ಪ್ರಶ್ನೆಗೆ ಕಲ್ಲೇಶ ಒಂದು ಉತ್ತರ ಕೊಟ್ಟಾಗಿತ್ತು. ತಾನು ಮತ್ತೆ ಎದ್ದು ಗುಡುಗಿದೆ, ಸಾಹೇಬರೇ ಬೆವರಿದರು, ಒಬ್ಬಾಕೆಯ ಗ್ರಂಥಾಲಯವನ್ನು ಉಳಿಸಿಬಿಟ್ಟೆ ಎಂದು. ಕೇಳಿದವರು ನಂಬಿದ್ದರು. ಇಲ್ಲಿಯೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಮಾಳಪ್ಪ ಕಿವಿಯ ಹಿಂದೆ ಕೈ ಇಟ್ಟು, ಪೇಪರ್ ಕೇಳುವಾಗ ಬಾಗುವಂತೆಯೇ ಬಾಗಿ ಕೂತಿದ್ದ.

"ಮೈಕ್ ಕೊಟ್ರು ಕಾಕಾ," ಅಂದ ಕಲ್ಲೇಶ. "ಗಂಟಲಾ ಕಟ್ಟೇತ್ರಿ ಅಂದ್ನಿ. ಎಲ್ಲಾರೂ ನಕ್ರು. ಮೈಕ್ ವಾಪಸ್ ಕೊಟ್ಟು ಕುಂತೆ."

"ಕಟ್ಟಿತ್ತೇನು?"

"ಇಲ್ಲ."

ಮಾಳಪ್ಪನಿಗೆ ಅರ್ಥವಾಯಿತೋ ಇಲ್ಲವೋ. "ಹೂಂ," ಅಂದ.

"ಒಬ್ಬಾಕಿ ಅಕ್ಕಾರು ನಿಂತಿದ್ರು. ನಾ ಕುಂತ ಮ್ಯಾಲ ಸ್ವಲ್ಪ ಹೊತ್ತು ನಿಂತ ಇದ್ರು. ಆಮ್ಯಾಲ ಅವರೂ ಕುಂತ್ರು."

ಅವತ್ತು ತಿಂಗಳ ಲೆಕ್ಕದ ತಖ್ತೆಯನ್ನು ಸಾಹೇಬರಿಗೆ ಕಳಿಸುವ ದಿನ. ಮೇಜಿನ ಮೇಲೆ ಅದನ್ನು ಬಿಡಿಸಿಟ್ಟಿದ್ದ. 'ದಿನದ ಸರಾಸರಿ ಓದುಗರು' ಎಂಬ ಅಂಕಣದಲ್ಲಿ ಬಸ್ಸಿನಲ್ಲಿ ಬರುವಾಗಲೇ ಪೆನ್ಸಿಲಿನಿಂದ ಮೂರು ಎಂದು ಬರೆದಿದ್ದ. ಅದರ ಕೆಳಗೆ, ಹಿಂದಿನ ತಿಂಗಳುಗಳ ಸಹಿಗಳೆಲ್ಲ ನಾನೇ ಮಾಡಿದ್ದು, ಎಂಬ ಒಂದು ಸಾಲು. ಅದೂ ಪೆನ್ಸಿಲೇ. ನಾಲ್ಕು ಪೆನ್ನುಗಳೂ ಪಕ್ಕದಲ್ಲೇ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು, ಪೆನ್ಸಿಲಿನ ಅಕ್ಷರಗಳ ಮೇಲೆಯೇ ಶಾಯಿಯಿಂದ ತಿದ್ದಲು ಹೋದರೆ ಕೈ ನಡುಗಿತು. ಮುದುಕರ ಸಹಿಗೆಂದು ಎಷ್ಟು ಕಷ್ಟಪಟ್ಟು ಕಲಿತಿದ್ದ ನಡುಕ ಅದು. ಈಗ ತಾನಾಗಿಯೇ ಬರುತ್ತಿತ್ತು. ತಿದ್ದಿದ.

ಆಮೇಲೆ ಕಪಾಟಿನಿಂದ ಹೊಸ ಹಾಜರಿ ಪುಸ್ತಕ ತೆಗೆದು ಮೊದಲ ಸಾಲಿನಲ್ಲಿ 'ಮಾಳಪ್ಪ' ಎಂದು ಬರೆದ. ಮುದ್ರೆಯ ಶಾಯಿ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟ.

"ಇದ್ಯಾಕೋ? ನನ್ನ ಹೊಲಾ ಬರಿಸ್ಕೊಳ್ಳಾಕತ್ತೀಯೇನು?"

"ಇಲ್ಲ ಕಾಕಾ. ನೀ ಬಂದಿದ್ದಿ ಅನ್ನಾಕ."

ಮಾಳಪ್ಪ ಕೈಯನ್ನು ಧೋತರಕ್ಕೆ ಒರೆಸಿ ಹೆಬ್ಬೆರಳು ಚಾಚಿದ. ಕಲ್ಲೇಶ ಅದನ್ನು ಹಿಡಿದು, ಮೆಲ್ಲಗೆ ಹೊರಳಿಸಿ ಒತ್ತಿದ. ದಪ್ಪ, ಬಿರುಕು ಬಿಟ್ಟ ನೇರಳೆ ಗುರುತು ಕಾಗದದ ಮೇಲೆ ಕೂತಿತು.

"ಆತಿಲ್ಲ? ಇನ್ನ ಓದು," ಅಂದ ಮಾಳಪ್ಪ, ಪೇಪರನ್ನು ಅವನ ಕಡೆಗೆ ತಳ್ಳುತ್ತ. ಪೇಪರಿನ ಅಂಚಿಗೂ ಅರ್ಧ ಬೆರಳು ನೇರಳೆಯಾಗಿ ಮೂಡಿತು.